ಉಪ್ಪಿಗೆ ಸುಂಕ, ಸಿರಿವಂತರಿಗೆ ರಿಯಾಯಿತಿ

1860ರ ಫೆಬ್ರುವರಿ 18ರಂದು ಜೇಮ್ಸ್ ವಿಲ್ಸನ್ ಕಲ್ಕತ್ತದಲ್ಲಿ ಬಜೆಟ್ ಮಂಡಿಸಿದಾಗ ಹೆಚ್ಚು ಕಂಗೆಟ್ಟವರು ಕೂಲಿಯವರಲ್ಲ, ಉಳ್ಳವರು. ಸ್ಕಾಟ್ಲೆಂಡಿನಲ್ಲಿ ಟೋಪಿ ಮಾಡುವ ಕಸುಬಿನಿಂದ ಮೇಲೆ ಬಂದು, ‘ದಿ ಎಕನಾಮಿಸ್ಟ್’ ಪತ್ರಿಕೆಯನ್ನು ಹುಟ್ಟುಹಾಕಿದ್ದ ಮನುಷ್ಯ ಆತ. 1857ರ ದಂಗೆಯನ್ನು ಅಡಗಿಸಿದ ಖರ್ಚಿನಲ್ಲಿ ಸರ್ಕಾರ ಸಾಲದಲ್ಲಿ ಮುಳುಗಿತ್ತು. ವರ್ಷಕ್ಕೆ 200 ರೂಪಾಯಿಗಿಂತ ಹೆಚ್ಚು ಆದಾಯ ಇದ್ದವರು ನೂರಕ್ಕೆ ಎರಡು, 500 ದಾಟಿದವರು ನೂರಕ್ಕೆ ನಾಲ್ಕು ರೂಪಾಯಿ ಕೊಡಬೇಕೆಂದು ವಿಲ್ಸನ್ ಸೂಚಿಸಿದ. ಭಾರತದ ಮೊದಲ ಆದಾಯ ತೆರಿಗೆ ಅದು. ಜಮೀನಿನ ಆದಾಯವೂ ಅದರ ವ್ಯಾಪ್ತಿಯಲ್ಲಿತ್ತು.

ಮೊದಲ ಅಪಸ್ವರ ಬಂದದ್ದು ಸರ್ಕಾರದ ಒಳಗಿನಿಂದಲೇ. ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಹೊಸ ತೆರಿಗೆ ಬೇಡ, ಸೈನ್ಯದ ಖರ್ಚು ಇಳಿಸಿ ಎಂದು ಬರೆದ. ಬರೆದದ್ದನ್ನು ಪತ್ರಿಕೆಗೂ ಕೊಟ್ಟ. ಲಂಡನ್ನಿನವರು ಅವನನ್ನು ವಾಪಸ್ ಕರೆಸಿಕೊಂಡರು. ವಿಲ್ಸನ್ನನಿಗೂ ಆಯುಸ್ಸು ಇರಲಿಲ್ಲ: ಕಾಯ್ದೆ ಜಾರಿಯಾದ ಮೂರು ವಾರದೊಳಗೆ, ಆಗಸ್ಟ್‌ನಲ್ಲಿ, ಕಲ್ಕತ್ತದಲ್ಲೇ ರಕ್ತಭೇದಿಯಿಂದ ತೀರಿಕೊಂಡ. ವಿಧಿಯ ಆಟ ನೋಡಿ, ಕೆಲವೇ ವರ್ಷದಲ್ಲಿ ಟ್ರೆವೆಲಿಯನ್ ಹಣಕಾಸಿನ ಸದಸ್ಯನಾಗಿ ಕಲ್ಕತ್ತಕ್ಕೆ ಮರಳಿದ; 1865ರಲ್ಲಿ ಆದಾಯ ತೆರಿಗೆ ಕಾಲಾವಧಿ ಮುಗಿದು ಬಿದ್ದುಹೋಯಿತು. 1869ರಲ್ಲಿ ಮತ್ತೆ ತಂದರು, 1873ರಲ್ಲಿ ಮತ್ತೆ ಕೈಬಿಟ್ಟರು.

ಈ ಬರುವ ಹೋಗುವ ಆಟದ ಉದ್ದಕ್ಕೂ ಕದಲದೆ ಕೂತಿದ್ದದ್ದು ಉಪ್ಪಿನ ಸುಂಕ. ತೆರಿಗೆ ಯಾರು ಹೊರಬಲ್ಲರು ಎಂಬುದಕ್ಕಿಂತ ಯಾರು ಗದ್ದಲ ಎಬ್ಬಿಸಬಲ್ಲರು ಎಂಬುದನ್ನೇ ಸರ್ಕಾರ ಲೆಕ್ಕ ಹಾಕಿತು. ವರ್ತಕರಿಗೆ ಸಂಘಗಳಿದ್ದವು, ಇಂಗ್ಲಿಷ್ ಪತ್ರಿಕೆಗಳಿದ್ದವು. ಗಂಜಿಗೆ ಉಪ್ಪು ಹಾಕಿಕೊಳ್ಳುವವರ ಪರವಾಗಿ ಅರ್ಜಿ ಬರೆಯುವವರು ಯಾರಿದ್ದರು?

ಮದ್ರಾಸ್ ಪ್ರಾಂತದಲ್ಲಿ ಕಂಪನಿ ಉಪ್ಪಿನ ಏಕಸ್ವಾಮ್ಯ ಹಿಡಿದದ್ದು 1805ರಲ್ಲಿ. ಕಡಲಿನಿಂದ ದೂರದ ಬಳ್ಳಾರಿ ಸೀಮೆಗೆ ಬೇರೆಯದೇ ಉಪ್ಪು ಇತ್ತು. ಬೇಸಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಏಳುವ ಚೌಳನ್ನು ಉಪ್ಪಾರರು ಕೆರೆದು ತರುತ್ತಿದ್ದರು. ಅದನ್ನು ದಿಬ್ಬದ ಮೇಲೆ ಮಾಡಿದ ಗುಂಡಿಗೆ ತುಂಬಿ ನೀರು ಹೊಯ್ದರೆ ತಳದಿಂದ ಉಪ್ಪುನೀರು ಸೋಸಿ ಇಳಿಯುತ್ತಿತ್ತು. ತೆಳುವಾದ ಮಡಿಗಳಲ್ಲಿ ಬಿಸಿಲಿಗೆ ಬಿಟ್ಟರೆ ಕೆಲವು ದಿನದಲ್ಲಿ ಹರಳುಗಟ್ಟುತ್ತಿತ್ತು. ಕೊಂಚ ಕಹಿ, ಬಣ್ಣವೂ ಅಷ್ಟಕ್ಕಷ್ಟೆ. ಆದರೆ ಅಗ್ಗ. ಸುಂಕ ತೆತ್ತ ಕಡಲುಪ್ಪಿನ ವ್ಯಾಪಾರಕ್ಕೆ ಇದು ಅಡ್ಡ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸ್ ಸರ್ಕಾರ ಮಣ್ಣುಪ್ಪಿನ ಕಸುಬನ್ನು ಅದುಮಿಹಾಕಿತು. ಬಡವರ ಅಗ್ಗದ ಉಪ್ಪೂ ಹೋಯಿತು, ಉಪ್ಪಾರರ ಅನ್ನವೂ ಹೋಯಿತು.

1886ರಲ್ಲಿ ಆದಾಯ ತೆರಿಗೆ ಖಾಯಮ್ಮಾಗಿ ಬಂತು. ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಗಳಿಸುವವರಿಗೆ ವಿನಾಯಿತಿ, ಅದು ನ್ಯಾಯವೇ. ಕೃಷಿ ಆದಾಯಕ್ಕೂ ಪೂರ್ತಿ ವಿನಾಯಿತಿ. ಇದನ್ನು ನ್ಯಾಯ ಎನ್ನುವುದು ಕಷ್ಟ. ಜಮೀನ್ದಾರರು ಕಂದಾಯ ಕಟ್ಟುತ್ತಾರಲ್ಲ ಎಂಬ ಸಮರ್ಥನೆಯೇನೋ ಇತ್ತು. ಆದರೆ ಬಂಗಾಳದ ಜಮೀನ್ದಾರರ ಕಂದಾಯ 1793ರಲ್ಲೇ ನಿಗದಿಯಾಗಿ ನಿಂತಿತ್ತು, ಅವರ ಗೇಣಿ ಏರುತ್ತಲೇ ಇತ್ತು. ಎರಡೇ ವರ್ಷ ಕಳೆದು, ಬರ್ಮಾ ಯುದ್ಧದ ಖರ್ಚು, ರೂಪಾಯಿ ಮೌಲ್ಯದ ಕುಸಿತ ಎಂದೆಲ್ಲ ಕಾರಣ ಕೊಟ್ಟು ಉಪ್ಪಿನ ಸುಂಕವನ್ನು ಮಣಕ್ಕೆ ಎರಡು ರೂಪಾಯಿಯಿಂದ ಎರಡೂವರೆಗೆ ಏರಿಸಿದರು.

ಇದು ಮನೆಮನೆಗೆ ಹೇಗೆ ತಟ್ಟಿತು? ಸರ್ಕಾರಿ ಮಣ ಎಂದರೆ ಸುಮಾರು 37 ಕಿಲೋ. ಐದು ಜನರ ಮನೆಗೆ ವರ್ಷಕ್ಕೆ ಮುಕ್ಕಾಲು ಮಣ ಉಪ್ಪು ಬೇಕೆಂದು ಇಟ್ಟುಕೊಳ್ಳೋಣ. ಸುಂಕವೊಂದೇ 1 ರೂಪಾಯಿ 14 ಆಣೆ. ಭಾರತೀಯನ ಸರಾಸರಿ ಆದಾಯ ವರ್ಷಕ್ಕೆ 30 ರೂಪಾಯಿ ಎಂದು 1901ರಲ್ಲಿ ಹೇಳಿದವನು ವೈಸ್‌ರಾಯ್ ಕರ್ಜನ್ನೇ. ದಾದಾಭಾಯಿ ನವರೋಜಿಯವರ ಹಿಂದಿನ ಲೆಕ್ಕದಲ್ಲಿ ಅದು 20 ರೂಪಾಯಿ ಮಾತ್ರ. ಕರ್ಜನ್ ಮಾತನ್ನೇ ಒಪ್ಪಿದರೂ ಆ ಮನೆಯ ವರಮಾನ 150 ರೂಪಾಯಿ, ಅಂದರೆ ಉಪ್ಪಿನ ಸುಂಕಕ್ಕೆ ಹೋದದ್ದು 80ರಲ್ಲಿ ಒಂದು ಪಾಲು. ವರ್ಷಕ್ಕೆ 15,000 ಬರುವ ಮನೆಯಲ್ಲಿ ಐದು ಜನ ಅಷ್ಟೇ ಉಪ್ಪು ತಿಂದರೆ 8,000ದಲ್ಲಿ ಒಂದು ಪಾಲು. ಹಣ ಹೆಚ್ಚಿದೆಯೆಂದು ಯಾರೂ ಸಾರಿಗೆ ಎರಡು ಹಿಡಿ ಉಪ್ಪು ಸುರಿದುಕೊಳ್ಳುವುದಿಲ್ಲವಲ್ಲ.

1903ರಲ್ಲಿ ಬೊಕ್ಕಸ ತುಂಬಿ ತುಳುಕಿತು. ಉಪ್ಪಿನ ಸುಂಕ ಇಳಿಸಿ ಎಂದು ಗೋಪಾಲಕೃಷ್ಣ ಗೋಖಲೆ ವೈಸ್‌ರಾಯ್ ಸಭೆಯಲ್ಲಿ ಅಂಕಿಸಂಖ್ಯೆಗಳನ್ನಿಟ್ಟು ವಾದಿಸುತ್ತಿದ್ದರು. ಆ ವರ್ಷದ ಬಜೆಟ್ಟಿನಲ್ಲಿ ಸುಂಕ ಎರಡು ರೂಪಾಯಿಗೆ ಇಳಿಯಿತು. ಆದಾಯ ತೆರಿಗೆಯ ವಿನಾಯಿತಿ ಮಿತಿ 500ರಿಂದ 1,000ಕ್ಕೆ ಏರಿತು. ಬಡವರಿಗೂ ಮಧ್ಯಮ ವರ್ಗಕ್ಕೂ ಒಟ್ಟಿಗೇ ಸಿಹಿ ಎಂಬ ಹೊಗಳಿಕೆಗೆ ತಕ್ಕ ಬಜೆಟ್ಟೇ. ಲೆಕ್ಕ ಬಿಡಿಸಿದರೆ, ತಿಂಗಳಿಗೆ 60 ರೂಪಾಯಿ ಸಂಬಳದ ಗುಮಾಸ್ತ ರೂಪಾಯಿಗೆ ನಾಲ್ಕು ಪೈಯಂತೆ ಕಟ್ಟುತ್ತಿದ್ದ ವರ್ಷದ 15 ರೂಪಾಯಿ ಉಳಿಯಿತು. ಕೂಲಿಯವನ ಮನೆಗೆ ಉಳಿದದ್ದು ಆರು ಆಣೆ. ಗೋಖಲೆ ಬಿಡಲಿಲ್ಲ, 1907ರ ಹೊತ್ತಿಗೆ ಸುಂಕ ಒಂದು ರೂಪಾಯಿಗೆ ಬಂತು.

ಅದೂ ಉಳಿಯಲಿಲ್ಲ. ಮಹಾಯುದ್ಧದಲ್ಲಿ, 1916ಕ್ಕೆ, ಒಂದೂಕಾಲು ರೂಪಾಯಿ ಆಯಿತು. 1923ರಲ್ಲಿ ಅದನ್ನು ಇಮ್ಮಡಿ ಮಾಡುವ ಪ್ರಸ್ತಾಪವನ್ನು ಕೇಂದ್ರ ಶಾಸನ ಸಭೆ ತಿರಸ್ಕರಿಸಿತು. ವೈಸ್‌ರಾಯ್ ರೀಡಿಂಗ್ ತನ್ನ ವಿಶೇಷ ಅಧಿಕಾರ ಬಳಸಿ ಜಾರಿ ಮಾಡಿದ. ಮರುವರ್ಷವೇ ಅದನ್ನು ಹಿಂದೆ ಇಳಿಸಬೇಕಾಯಿತು.

1930ರ ಮಾರ್ಚ್ 2ರಂದು ವೈಸ್‌ರಾಯ್ ಇರ್ವಿನ್‌ಗೆ ಪತ್ರ ಬರೆದ ಗಾಂಧೀಜಿ ಹೂಡಿದ್ದೂ ಲೆಕ್ಕವನ್ನೇ: ವೈಸ್‌ರಾಯ್ ಸಂಬಳ ದಿನಕ್ಕೆ 700 ರೂಪಾಯಿಗೂ ಹೆಚ್ಚು, ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ. ದಂಡಿಯ ದಾರಿಯಲ್ಲಿ ನಡೆದವರಲ್ಲಿ ನಮ್ಮ ಮೈಲಾರ ಮಹದೇವಪ್ಪನವರೂ ಇದ್ದರು. ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಕಾನೂನು ಮುರಿದರು. ತಯಾರಿಸಿದ ಉಪ್ಪನ್ನು ಹರಾಜು ಹಾಕಿದರು. ಸಾಣಿಕಟ್ಟೆಯ ಆಗರಗಳನ್ನು ನೋಡುತ್ತಲೇ ಬೆಳೆದ ಆ ಸೀಮೆಯವರಿಗೆ ಈ ಹೋರಾಟದ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊನೆಗೆ ಸುಂಕ ತೆಗೆದದ್ದು ಮಧ್ಯಂತರ ಸರ್ಕಾರದ ಹಣಕಾಸು ಸದಸ್ಯ ಲಿಯಾಕತ್ ಅಲಿ ಖಾನ್, 1947ರ ಫೆಬ್ರುವರಿ 28ರ ಬಜೆಟ್ಟಿನಲ್ಲಿ. ಆ ಖೋತಾ ತುಂಬಿಸಲು ಒಂದು ಲಕ್ಷ ಮೀರಿದ ವ್ಯಾಪಾರಿ ಲಾಭದ ಮೇಲೆ ನೂರಕ್ಕೆ 25ರ ವಿಶೇಷ ತೆರಿಗೆ ಸೂಚಿಸಿದರು. ಉದ್ಯಮಿಗಳು ಹುಯಿಲೆಬ್ಬಿಸಿದರು, ಕಾಂಗ್ರೆಸ್ಸಿನ ಒಳಗೂ ಅಸಮಾಧಾನ ಕೇಳಿಸಿತು. ದರವನ್ನು ನೂರಕ್ಕೆ ಹದಿನಾರೂ ಚಿಲ್ಲರೆಗೆ ಇಳಿಸಿದರು. ಉಪ್ಪಿನ ವಿಷಯದಲ್ಲಿ ಮಾತ್ರ ಯಾರೂ ತಕರಾರು ಎತ್ತಲಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಲೂ ಅಡುಗೆ ಉಪ್ಪಿನ ಮುಂದೆ ಸರ್ಕಾರ ಬರೆದದ್ದು ಸೊನ್ನೆ.