ವ್ರಣಕ್ಕೆ ಎಣ್ಣೆ: ಒಂದು ಐತಿಹಾಸಿಕ ವಿವೇಚನೆ

ಅಂತ್ರವೃದ್ಧಿಗೆ ಶಸ್ತ್ರಚಿಕಿತ್ಸೆಯಾಗಿ, ಹೊಟ್ಟೆಯ ಗೋಡೆಗೆ ಬಲೆಯಿಡಿಸಿಕೊಂಡು ಮನೆಗೆ ಬಂದವನ ಗಾಯಕ್ಕೆ ಎಣ್ಣೆ ಹಚ್ಚಬಹುದೇ? ಈ ಪ್ರಶ್ನೆ ಹಳ್ಳಿಗಳಲ್ಲಿ ವೈದ್ಯರಿಗಿಂತ ಮೊದಲು ಶಾಲೆಯ ಮೇಷ್ಟರ ಬಳಿಗೆ ಬರುವುದೂ ಉಂಟು. ಬೇವು, ಹೊಂಗೆ, ಹರಳುಗಳ ಎಣ್ಣೆಯನ್ನು ಹುಣ್ಣಿಗೆ ಹಚ್ಚಿ ಬೆಳೆದ ಜನ ನಾವು. ಹಿರಿಯರ ಪದ್ಧತಿಯೆಂದು ಒಪ್ಪಿಬಿಡುವುದೂ ಮೌಢ್ಯವೆಂದು ತಳ್ಳಿಬಿಡುವುದೂ ಸುಲಭ. ಎಣ್ಣೆಯು ಗಾಯದ ಮೇಲೆ ಯಾವ ಕೆಲಸಕ್ಕೆ ಬಳಕೆಯಾಗುತ್ತ ಬಂದಿತೆಂಬುದನ್ನು ಚರಿತ್ರೆಯಲ್ಲಿ ಹುಡುಕಿದರೆ ಈ ಎರಡೂ ತೀರ್ಪುಗಳು ಸಾಲವು.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವು ವ್ರಣಕ್ಕೆ 60 ಉಪಕ್ರಮಗಳನ್ನು ಹೇಳುತ್ತದೆ. ತೈಲ ಅವುಗಳಲ್ಲಿ ಒಂದು ಮಾತ್ರ. ಕೊಯ್ದು ಕೀವು ತೆಗೆದ ಗಾಯವನ್ನು ಮೊದಲು ಕಷಾಯದಿಂದ ತೊಳೆದು ಒರೆಸಿ, ಆಮೇಲೆ ಎಳ್ಳಿನ ಕಲ್ಕ, ಜೇನು, ತುಪ್ಪ ಸವರಿದ ಬತ್ತಿಯನ್ನು ಒಳಗಿಡಬೇಕೆಂದು ಸೂತ್ರಸ್ಥಾನದಲ್ಲಿದೆ. ತೊಳೆಯುವುದು ಮುಂದು, ಸ್ನೇಹ ಹಿಂದು: ಈ ಕ್ರಮವನ್ನು ನಮ್ಮವರು ಅನೇಕರು ಮರೆತಿದ್ದಾರೆ. ಶಾರ್ಙ್ಗಧರ ಹೇಳುವ ಜಾತ್ಯಾದಿ ತೈಲದಲ್ಲಿ ಜಾಜಿಯ ಎಲೆ, ಬೇವು, ಹೊಂಗೆಗಳೊಡನೆ ಮೈಲುತುತ್ತವೂ ಸೇರುತ್ತದೆ. ತಾಮ್ರದ ಆ ಲವಣ ಸೂಕ್ಷ್ಮಜೀವಿಗಳನ್ನು ಕೊಲ್ಲುವಂಥದು. ಅದನ್ನು ಗಾಯದವರೆಗೆ ಹೊತ್ತೊಯ್ಯುವುದು ಎಳ್ಳೆಣ್ಣೆ.

ಯುರೋಪಿನಲ್ಲಿ ಎಣ್ಣೆಯ ಕಥೆ ಕ್ರೂರವಾಗಿಯೇ ಇತ್ತು. ಗುಂಡಿನ ಗಾಯದಲ್ಲಿ ಮದ್ದಿನ ವಿಷ ಸೇರಿರುತ್ತದೆಂದು ನಂಬಿ ಅದರೊಳಗೆ ಕುದಿಯುವ ಎಣ್ಣೆ ಸುರಿಯುತ್ತಿದ್ದರು. 1537ರ ಸುಮಾರಿಗೆ, ಫ್ರೆಂಚರ ದಂಡು ಇಟಲಿಯ ಟ್ಯೂರಿನ್ ಕಡೆ ನಡೆದಿದ್ದಾಗ, ತರುಣ ಶಸ್ತ್ರವೈದ್ಯ ಆಂಬ್ರಾಸ್ ಪಾರೆಯ ಬಳಿ ಆ ಎಣ್ಣೆ ಮುಗಿದುಹೋಯಿತು. ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ತೈಲ, ಟರ್ಪೆಂಟೈನ್ ಕಲಸಿ ಹಚ್ಚಿದ. ಉಳಿದವರು ವಿಷವೇರಿ ಸತ್ತಿರುವರೆಂಬ ಅಂಜಿಕೆಯಿಂದ ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. ಬೆಳಗಾಗುವ ಮುನ್ನವೇ ಎದ್ದು ಹೋಗಿ ನೋಡಿದರೆ, ಕಲಸಿದ ಲೇಪ ಪಡೆದವರು ನೆಮ್ಮದಿಯಾಗಿದ್ದರು. ಕುದಿಯೆಣ್ಣೆಯವರು ಜ್ವರ, ಬಾವು, ನೋವಿನಿಂದ ನರಳುತ್ತಿದ್ದರು. 1545ರಲ್ಲಿ ಇದನ್ನು ಗ್ರಂಥವಾಗಿ, ಅದೂ ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲಿ, ಪ್ರಕಟಿಸಿದ. ದೇಶಭಾಷೆಯ ಉಪಾಧ್ಯಾಯರಾದ ನಮಗೆ ಇದು ಹಿಡಿಸುವ ಸಂಗತಿ. ಗುಲಾಬಿ ತೈಲ ಗುಣಮಾಡಿತೆಂದು ಮಾತ್ರ ಇದರಿಂದ ತೀರ್ಮಾನಿಸಲಾಗದು. ಸುಡದೆ ಬಿಟ್ಟದ್ದೇ ದೊಡ್ಡ ಉಪಕಾರವಾಗಿದ್ದೀತು.

ಲಿಸ್ಟರ್ 1867ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಎಣ್ಣೆ ಮತ್ತೆ ಬರುತ್ತದೆ. ಕೀವುಗಡ್ಡೆಗೆ ಅವನು ಬಳಸಿದ್ದು ಒಂದು ಭಾಗ ಕಾರ್ಬಾಲಿಕ್ ಆಮ್ಲ, ನಾಲ್ಕು ಭಾಗ ಕಾಯಿಸಿದ ಅಗಸೆಯೆಣ್ಣೆ. ಅದಕ್ಕೆ ಸೀಮೆಸುಣ್ಣದ ಪುಡಿ ಕಲಸಿ ಮೇಲೆ ಮೆತ್ತುತ್ತಿದ್ದ. ಜೀವಾಣು ಕೊಲ್ಲುವುದು ಆಮ್ಲದ ಕೆಲಸ. ಜಾತ್ಯಾದಿಯಲ್ಲಿದ್ದಂತೆ ಇಲ್ಲಿಯೂ ಎಣ್ಣೆ ವಾಹಕ.

ಇನ್ನು ಅಂತ್ರವೃದ್ಧಿ. ವೃಷಣಕೋಶಕ್ಕೆ ಇಳಿದದ್ದನ್ನು ಬಿಟ್ಟುಬಿಡಬೇಕೆಂದಿದ್ದ ಸುಶ್ರುತ. ಪಾದುವಾದ ಬಸ್ಸೀನಿ 1880ರ ದಶಕದಲ್ಲಿ ಪದರ ಪದರವಾಗಿ ಹೊಲಿಯುವ ವಿಧಾನ ತಂದ. 1950ರ ದಶಕದ ಕೊನೆಗೆ ಅಮೆರಿಕದ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ನೂಲಿನ ಬಲೆಯನ್ನು ಬಳಕೆಗೆ ತಂದ. ಮುಂದೆ ಪಾಲಿಪ್ರೊಪಿಲೀನ್ ಬಲೆ ರೂಢಿಯಾಯಿತು. 1989ರಲ್ಲಿ ಲಿಕ್ಟೆನ್‌ಸ್ಟೈನ್ ಮತ್ತು ಸಂಗಡಿಗರು ಅಂಗಾಂಶವನ್ನು ಬಿಗಿದೆಳೆಯದೆ ಬಲೆ ಹೊಲಿಯುವ ಕ್ರಮವನ್ನು ಪ್ರಕಟಿಸಿದ ಮೇಲೆ ಅದು ಎಲ್ಲೆಡೆ ಹಬ್ಬಿತು. ಬಲೆಯ ಕಣ್ಣುಗಳಲ್ಲಿ ದೇಹದ ನಾರು ಬೆಳೆದು ಗೋಡೆ ಗಟ್ಟಿಯಾಗುತ್ತದೆ. ಆದರೆ ಆ ನೂಲಿಗೆ ಸೂಕ್ಷ್ಮಜೀವಿಗಳು ಅಂಟಿಕೊಂಡರೆ ತಮ್ಮ ಸುತ್ತ ಪೊರೆ ಕಟ್ಟಿಕೊಳ್ಳುತ್ತವೆ. ಔಷಧಿ ಅಲ್ಲಿ ಸಾಕಷ್ಟು ನಾಟದು. ಕೆಲವೊಮ್ಮೆ ಬಲೆಯನ್ನೇ ತೆಗೆಯಬೇಕಾಗುತ್ತದೆ. ಪಾರೆಯ ಕಾಲದ ಗಾಯಕ್ಕೂ ಇದಕ್ಕೂ ಇರುವ ಭೇದ ಇದೇ: ಇಲ್ಲಿ ಒಳಗೊಂದು ಪರಕೀಯ ವಸ್ತು ಉಳಿದಿದೆ.

ಸಸ್ಯತೈಲಗಳನ್ನು ಪ್ರಾಣಿಗಳ ಚರ್ಮದ ಮೇಲೆ ಪರೀಕ್ಷಿಸಿದ ಪ್ರಬಂಧಗಳು ಹಲವು ಬಂದಿವೆ. ಇಲಿಯ ಬೆನ್ನಿನ ಗಾಯ ಮಾಯುವುದು ಬೇರೆ, ಮನುಷ್ಯನ ಹೊಟ್ಟೆಗೋಡೆಯ ಬಲೆ ಕೂಡಿಕೊಳ್ಳುವುದು ಬೇರೆ. ಗಾಣದ ಎಣ್ಣೆಯಾಗಲಿ ಅಂಗಡಿಯ ಎಣ್ಣೆಯಾಗಲಿ ಜೀವಾಣುರಹಿತವಲ್ಲ. ಹೊಲಿದ ಗಾಯದ ತುಟಿಗಳು ಸಾಮಾನ್ಯವಾಗಿ ಎರಡು ದಿನಗಳಲ್ಲಿ ಮುಚ್ಚಿಕೊಳ್ಳುವುವಾದರೂ, ಅದು ತೆಳುವಾದ ಮುಚ್ಚಳ ಮಾತ್ರ. ಹೊಲಿಗೆ ಬಿಚ್ಚಿ ಚರ್ಮ ಪೂರ್ತಿ ಕೂಡಿದ ಮೇಲೆ, ಒಣಗಿ ತುರಿಸುವ ಕಲೆಗೆ ವೈದ್ಯರನ್ನು ಕೇಳಿ ತುಸು ಎಣ್ಣೆ ಸವರಬಹುದು. ಒಳಗಿನ ಬಲೆಗೆ ಅದರಿಂದ ಬಲ ಬಾರದು. ಗಾಯ ಕೆಂಪೇರಿ ಬಿಸಿಯಾದರೆ, ಕೀವು ಜಿನುಗಿದರೆ, ಜ್ವರ ಬಂದರೆ, ಯಾವ ಎಣ್ಣೆಯನ್ನೂ ಹಚ್ಚದೆ ಶಸ್ತ್ರಚಿಕಿತ್ಸೆ ಮಾಡಿದವರಲ್ಲಿಗೆ ಅಂದೇ ಕರೆದೊಯ್ಯಬೇಕು.