ಚಿತ್ರದ ಮೇಲೆ ನಿಂತು ನುಡಿದ ಸಾಕ್ಷ್ಯ: ಙುರ್ರಾರ ಕ್ಯಾನ್ವಾಸ್ ಮತ್ತು ನೆಲದ ಹಕ್ಕು

ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯ ಙುರ್ರಾರ ಮೂಲನಿವಾಸಿಗಳು ತಮ್ಮ ನೆಲದ ಹಕ್ಕಿಗಾಗಿ 1996ರಲ್ಲಿ ಅರ್ಜಿ ಸಲ್ಲಿಸಿದರು. ಮೂಲನಿವಾಸಿಗಳ ನೆಲದ ಹಕ್ಕನ್ನು ಒಪ್ಪಿಕೊಂಡ 1992ರ ಮಾಬೊ ತೀರ್ಪು, ಅದರ ಬೆನ್ನಿಗೇ ಆ ಹಕ್ಕಿಗಾಗಿ ಬಂದ 1993ರ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿದ್ದವು. ಆದರೆ ನೆಲದೊಂದಿಗಿನ ಪಾರಂಪರಿಕ ಸಂಬಂಧವನ್ನು ರುಜುವಾತುಪಡಿಸುವ ಹೊಣೆ ಅರ್ಜಿದಾರರದೇ ಆಗಿತ್ತು. ಹಿರಿಯರಲ್ಲಿ ಹಲವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರು ಚಿತ್ರ ಬರೆದು ತೋರಿಸಲು ನಿರ್ಧರಿಸಿದರು. 1997ರಲ್ಲಿ ಪಿರ್ನಿನಿ ಎಂಬಲ್ಲಿ ವಾಲ್ಮಜರಿ, ವಾಂಗ್ಕಜುಂಗ ಮೊದಲಾದ ಸಮುದಾಯಗಳ ನಲವತ್ತಕ್ಕೂ ಹೆಚ್ಚು ಮಂದಿ ಸುಮಾರು 8 ಮೀಟರ್ ಅಗಲ, 10 ಮೀಟರ್ ಉದ್ದದ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಅದರ ಮೇಲೆಯೇ ಕೂತು ಬಣ್ಣ ಹಚ್ಚಿದರು.

ಇದನ್ನು ಭೂಪಟವೆಂದು ಕರೆಯುವ ರೂಢಿಯಿದೆ. ಆ ಹೆಸರು ಇದಕ್ಕೆ ಸಾಲದು. ಭೂಪಟವನ್ನು ಬರೆದವನಿಗೂ ಆ ನೆಲಕ್ಕೂ ನಂಟಿರಲೇಬೇಕೆಂದಿಲ್ಲ. ಇಲ್ಲಿ ಹಾಗಲ್ಲ, ಯಾರ ಊರೋ ಅವರೇ ಅದನ್ನು ಬರೆಯಬೇಕು. ಚಿತ್ರದ ತುಂಬ ಇರುವುದು ‘ಜಿಲ’ಗಳು, ಎಂದರೆ ಬೇಸಿಗೆಯಲ್ಲೂ ಬತ್ತದ ನೀರಿನ ಸೆಲೆಗಳು. ಮಳೆ ತರುವ ಹಾವುಗಳಾಗಿ ಮಾರ್ಪಟ್ಟ ಪೂರ್ವಜರು ಅವುಗಳಲ್ಲಿ ನೆಲೆಸಿದ್ದಾರೆಂಬುದು ಅಲ್ಲಿನವರ ನಂಬಿಕೆ. ನೆಲದ ಹಕ್ಕಿನ ಅರ್ಜಿಗಳನ್ನು ನೋಡುವ ನ್ಯಾಯಮಂಡಳಿಯ ಮುಂದೆ ಒಬ್ಬೊಬ್ಬರೂ ತಮ್ಮ ಜಿಲದ ಮೇಲೆ ನಿಂತು ತಮ್ಮದೇ ನುಡಿಯಲ್ಲಿ ಕಥೆ ಹೇಳಿದರು. ನನ್ನ ವಾದವಿಷ್ಟು: ಸಾಕ್ಷ್ಯವಾದದ್ದು ಬರಿಯ ಬಣ್ಣವಲ್ಲ, ಯಾರು ಎಲ್ಲಿ ನಿಲ್ಲಬಹುದು, ಎಲ್ಲಿ ಬಾಯಿ ತೆರೆಯಬಹುದು ಎಂಬ ಶಿಸ್ತು. ಅದೇ ಕ್ಯಾನ್ವಾಸಿನ ಫೋಟೊ ಕಡತಕ್ಕೆ ಲಗತ್ತಾಗಿದ್ದರೆ ಈ ಶಿಸ್ತು ಕಾಣುತ್ತಲೇ ಇರಲಿಲ್ಲ.

ಇದೇ ನೀರಿಗೆ ಇನ್ನೊಂದು ಬರಹವೂ ಇದೆ. 1906ರಲ್ಲಿ ದನಗಳ ದಾರಿಗಾಗಿ ಮೋಜಣಿಗೆ ಹೊರಟ ಆಲ್ಫ್ರೆಡ್ ಕ್ಯಾನಿಂಗ್, ನೀರಿನ ಜಾಗ ತೋರಿಸಲೆಂದು ಮೂಲನಿವಾಸಿಗಳನ್ನು ಸರಪಳಿಯಲ್ಲಿ ಕಟ್ಟಿ ಒಯ್ದ. ಮುಂದೆ ಹಲವು ಸೆಲೆಗಳು ಬಾವಿಗಳಾದವು, ಬಾವಿಗಳಿಗೆ ಕ್ರಮಸಂಖ್ಯೆ ಬಿತ್ತು. ಸರ್ಕಾರಿ ನಕ್ಷೆಯಲ್ಲಿ ಅಂಕಿಯಾಗಿ ಉಳಿದ ನೀರಿಗೆ ಹೆಸರು, ವಂಶ, ಕಥೆ ಮರಳಿದ್ದು ಕ್ಯಾನ್ವಾಸಿನಲ್ಲಿ.

ಹಾಗೆಂದು ಚಿತ್ರವೇ ಮೊಕದ್ದಮೆ ಗೆದ್ದಿತೆನ್ನುವುದು ಅತಿಶಯ. ಸುಮಾರು 76,000 ಚದರ ಕಿಲೋಮೀಟರ್ ನೆಲದ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು 2007ರ ನವೆಂಬರಿನಲ್ಲಿ, ಅದೂ ಪಕ್ಷಗಾರರ ಒಪ್ಪಿಗೆಯ ಆದೇಶವಾಗಿ. ಚಿತ್ರವೊಂದೇ ಸಾಲದೆಂಬುದಕ್ಕೆ ಹಿಂದಿನ ನಿದರ್ಶನವಿದೆ: 1963ರಲ್ಲಿ ಉತ್ತರ ಆಸ್ಟ್ರೇಲಿಯಾದ ಯಿರ್ಕಲದ ಯೋಲ್ಙು ಜನ ಬಾಕ್ಸೈಟ್ ಗಣಿಯ ವಿರುದ್ಧ ತಮ್ಮ ಕುಲದ ಚಿತ್ರಗಳ ಅಂಚಿಟ್ಟ ತೊಗಟೆಯ ಮನವಿಗಳನ್ನು ಸಂಸತ್ತಿಗೆ ಕಳಿಸಿದ್ದರು. ಸಂಸತ್ತು ಅವನ್ನು ಸ್ವೀಕರಿಸಿತು, ಸಮಿತಿಯನ್ನೂ ನೇಮಿಸಿತು. ಗಣಿ ಮಾತ್ರ ನಿಲ್ಲಲಿಲ್ಲ. 1971ರಲ್ಲಿ ನ್ಯಾಯಾಲಯವೂ ಅವರ ಹಕ್ಕನ್ನು ತಳ್ಳಿಹಾಕಿತು. ಯಿರ್ಕಲದ ಚಿತ್ರಗಳಲ್ಲಿ ಹಕ್ಕಿನ ಮಾತು ಕಡಿಮೆಯೇನೂ ಇರಲಿಲ್ಲ. ಅದನ್ನು ಹಕ್ಕೆಂದು ಓದಬಲ್ಲ ಕಾನೂನು ಆಗಿನ್ನೂ ಹುಟ್ಟಿರಲಿಲ್ಲ.