ಪೀಜ್ ಗ್ರಾಮದ ಕಿರು ದೂರದರ್ಶನ ಕೇಂದ್ರ

ಗುಜರಾತಿನ ಖೇಡಾ ಜಿಲ್ಲೆಯೆಂದೊಡನೆ ನಮ್ಮವರಿಗೆ ನೆನಪಾಗುವುದು 1918ರ ಕಂದಾಯ ಸತ್ಯಾಗ್ರಹ. ಅದರ ಬೆನ್ನಿಗೇ, 1946ರಲ್ಲಿ ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ಹುಟ್ಟಿ, ವರ್ಗೀಸ್ ಕುರಿಯನ್ನರ ದಕ್ಷತೆಯಿಂದ ಬೆಳೆದು, ಅಮುಲ್ ಎಂಬ ಹೆಸರಿನಿಂದ ದೇಶದ ಮನೆಮಾತಾದ ಹಾಲು ಉತ್ಪಾದಕರ ಸಹಕಾರಿ ಒಕ್ಕೂಟ. ಇವೆರಡರ ಕೀರ್ತಿಯ ಮರೆಯಲ್ಲಿ ನಿಂತುಹೋದ ಮೂರನೆಯದೊಂದು ಸಾಹಸವೂ ಅದೇ ನೆಲದಲ್ಲಿ ನಡೆದುದುಂಟು. ನಡಿಯಾದ್ ಪಟ್ಟಣದ ಸಮೀಪದ ಪೀಜ್ ಎಂಬ ಗ್ರಾಮದಲ್ಲಿ 1975ರಲ್ಲಿ ಸ್ಥಾಪಿತವಾದ, ಕೇವಲ 1 ಕಿಲೋವ್ಯಾಟ್ ಶಕ್ತಿಯ ದೂರದರ್ಶನ ಪ್ರಸಾರಕೇಂದ್ರದ ಕಥೆಯದು.

ಈ ಕೇಂದ್ರದ ಮೂಲವನ್ನು ಅರಸಿಹೊರಟರೆ ವಿಕ್ರಮ ಸಾರಾಭಾಯಿಯವರ ಬಳಿಗೆ ಬಂದು ನಿಲ್ಲಬೇಕಾಗುತ್ತದೆ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಆರಂಭವಾದ ದೂರದರ್ಶನವು ನಗರದಿಂದ ನಗರಕ್ಕೆ ಮೆಲ್ಲಮೆಲ್ಲನೆ ಹಬ್ಬುತ್ತ ಹಳ್ಳಿಯನ್ನು ಕಟ್ಟಕಡೆಯಲ್ಲಿ ತಲಪುವುದಾದರೆ ಅದರಿಂದ ದೇಶಕ್ಕೆ ವಿಶೇಷ ಪ್ರಯೋಜನವಿಲ್ಲವೆಂದೂ, ಕೃತಕ ಉಪಗ್ರಹದ ನೆರವಿನಿಂದ ಹಳ್ಳಿಗೇ ಮೊದಲು ಹೋಗಬೇಕೆಂದೂ ಅವರು ಬಗೆದಿದ್ದರು. ಅಮೆರಿಕದ ನಾಸಾ ಸಂಸ್ಥೆಯೊಡನೆ 1969ರಲ್ಲಿ ಆದ ಒಪ್ಪಂದದ ಫಲವಾಗಿ, ಎ.ಟಿ.ಎಸ್.-6 ಎಂಬ ಉಪಗ್ರಹವು 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ ಆರು ರಾಜ್ಯಗಳ 2,300ಕ್ಕೂ ಮಿಕ್ಕ ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಇಳಿಸಿತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಶಾಲೆಯ ಅಂಗಳದಲ್ಲಿ ತಂತಿಬಲೆಯ ದೊಡ್ಡ ಬುಟ್ಟಿಯಂತಹ ಆಂಟೆನಾದ ಬಳಿ ಕುಳಿತು ಕನ್ನಡದ ಕಾರ್ಯಕ್ರಮಗಳನ್ನು ಕಂಡುದು ಆ ವರ್ಷದಲ್ಲಿಯೇ. ಅದನ್ನು ಕಾಣುವ ಭಾಗ್ಯ ಸಾರಾಭಾಯಿಯವರಿಗಿರಲಿಲ್ಲ. ಅವರು 1971ರ ಡಿಸೆಂಬರಿನಲ್ಲಿಯೇ ತೀರಿಕೊಂಡಿದ್ದರು.

ಆರು ರಾಜ್ಯಗಳ ಆ ಪಟ್ಟಿಯಲ್ಲಿ ಗುಜರಾತಿರಲಿಲ್ಲ. ಆದರೆ ಇಸ್ರೋದ ಬಾಹ್ಯಾಕಾಶ ಉಪಯೋಗ ಕೇಂದ್ರವು ಅಹಮದಾಬಾದಿನಲ್ಲಿಯೇ ಇದ್ದುದರಿಂದ, ಅಲ್ಲಿಯ ಭೂಕೇಂದ್ರದಲ್ಲಿ ಹಿಡಿದ ಚಿತ್ರಗಳನ್ನೂ, ಅಲ್ಲಿಯ ಸ್ಟುಡಿಯೋದಲ್ಲಿಯೇ ಗುಜರಾತಿ ಭಾಷೆಯಲ್ಲಿ ತಯಾರಿಸಿದ ಕಾರ್ಯಕ್ರಮಗಳನ್ನೂ ಪೀಜಿಗೆ ಕಳುಹಿಸಿ, ಅಲ್ಲಿಂದ ಮರುಪ್ರಸಾರ ಮಾಡುವ ಏರ್ಪಾಡಾಯಿತು. ಉಪಗ್ರಹದ ಅವಧಿ 1976ರ ಜುಲೈ 31ಕ್ಕೆ ಮುಗಿದು ಮಿಕ್ಕ ಹಳ್ಳಿಗಳ ಪರದೆಗಳು ಬರಿದಾದರೂ, ಸ್ವಂತ ಗೋಪುರವಿದ್ದ ಪೀಜ್ ತನ್ನ ಪಾಡಿಗೆ ತಾನು ಮುಂದುವರಿಯಿತು. ಅದರ ದನಿ ಮುಟ್ಟುತ್ತಿದ್ದುದು ಸುತ್ತಣ 35 ಕಿಲೋಮೀಟರುಗಳಷ್ಟು ದೂರಕ್ಕೆ. ಆ ಪರಿಧಿಯೊಳಗಿನ ಸುಮಾರು 400 ಹಳ್ಳಿಗಳಲ್ಲಿ 600ಕ್ಕೂ ಹೆಚ್ಚು ಸಾರ್ವಜನಿಕ ಟೆಲಿವಿಷನ್ ಪೆಟ್ಟಿಗೆಗಳನ್ನು ಇರಿಸಲಾಗಿತ್ತು.

ಈ ಪೆಟ್ಟಿಗೆಗಳಿಗೆ ಬಹುಮಟ್ಟಿಗೆ ದೊರೆತ ನೆಲೆ ಹಾಲಿನ ಸೊಸೈಟಿಯ ಕಟ್ಟಡ. ಸಂಜೆಯ ಹಾಲು ಕರೆದ ಮೇಲೆ ಹೆಂಗಸರೂ ಹುಡುಗರೂ ಪಾತ್ರೆಗಳನ್ನು ಹೊತ್ತು ಅಲ್ಲಿ ಸಾಲುಗಟ್ಟುವುದು, ಹಾಲನ್ನು ಅಳೆದುಕೊಂಡು ಸಣ್ಣ ಗಾಜಿನ ನಳಿಗೆಗಳಲ್ಲಿ ಜಿಡ್ಡಿನ ಅಂಶವನ್ನು ಪರೀಕ್ಷಿಸಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಡುವುದು, ಮೇಲುಜಾತಿಯವನ ಹಾಲಿಗೂ ಕೂಲಿಯವಳ ಹಾಲಿಗೂ ಅಲ್ಲಿ ಅಳತೆಗೋಲು ಒಂದೇ ಆಗಿರುವುದು, ಇವೆಲ್ಲ ಆ ಜಿಲ್ಲೆಯಲ್ಲಿ ಆಗಲೇ ರೂಢಿಯಾಗಿದ್ದ ಸಂಗತಿಗಳು. ಜನರನ್ನು ಕೂಡಿಸುವ ಹೊಸ ಕಟ್ಟೆಯನ್ನು ಕಟ್ಟಬೇಕಾದ ಶ್ರಮವು ಹೀಗೆ ಕೇಂದ್ರಕ್ಕೆ ತಪ್ಪಿತು.

ಕಾರ್ಯಕ್ರಮಗಳ ನಿರ್ಮಾಣಕ್ರಮವಂತೂ ಆ ಕಾಲಕ್ಕೆ ಅಪೂರ್ವವಾದುದು. ಸಮಾಜವಿಜ್ಞಾನಿಗಳು ಮೊದಲು ಹಳ್ಳಿಗಳಿಗೆ ಹೋಗಿ, ಅಲ್ಲಿಯವರ ಕೂಲಿ, ಸಾಲ, ಕಾಯಿಲೆ, ಕಲಹಗಳನ್ನು ಕೇಳಿ ತಿಳಿದು ಬರುವರು. ಅದನ್ನಾಧರಿಸಿ ಕಥೆ ಹೆಣೆಯುವರು. ಹೆಣೆದುದನ್ನು ಹಳ್ಳಿಗರಿಗೇ ತೋರಿಸಿ, ಅವರಿಗೆ ಅರ್ಥವಾಗದುದನ್ನು ತಿದ್ದುವರು. ಕ್ಯಾಮೆರಾದ ಮುಂದೆ ಹಲವು ವೇಳೆ ಹಳ್ಳಿಗರೇ ನಿಂತರು. ಜಮೀನುಳ್ಳ ಸ್ಥಿತಿವಂತರಿಗಿಂತಲೂ ಭೂಹೀನರನ್ನೂ ಸ್ತ್ರೀಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ ಧಾರಾವಾಹಿಗಳಲ್ಲಿ ಕನಿಷ್ಠ ಕೂಲಿಯ ವಂಚನೆ, ಅಸ್ಪೃಶ್ಯತೆ, ಕುಟುಂಬದೊಳಗಿನ ಅನ್ಯಾಯ ಮೊದಲಾದವು ಮುಚ್ಚುಮರೆಯಿಲ್ಲದೆ ಬಂದವು. ‘ದಾದ್ ಫರಿಯಾದ್’ ಎಂಬ ಕಾರ್ಯಕ್ರಮದಲ್ಲಿ ಹಳ್ಳಿಗರ ದೂರುಗಳನ್ನು ವಿಚಾರಿಸಿ, ಸಂಬಂಧಪಟ್ಟ ಅಧಿಕಾರಿಯಿಂದ ಕ್ಯಾಮೆರಾದ ಮುಂದೆಯೇ ಉತ್ತರ ಕೇಳಲಾಗುತ್ತಿತ್ತು. ಸರಕಾರದ್ದೇ ಆದ ಮಾಧ್ಯಮವೊಂದು ಸರಕಾರಿ ನೌಕರನನ್ನು ಊರವರೆಲ್ಲರ ಎದುರಿಗೆ ಹೀಗೆ ಪ್ರಶ್ನಿಸಿದುದು ಸಾಮಾನ್ಯ ಧೈರ್ಯವಲ್ಲ. ಈ ಪ್ರಯೋಗಕ್ಕೆ 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋದ ಪ್ರಶಸ್ತಿಯೂ ಲಭಿಸಿತು.

ಆ ವೇಳೆಗೆ ಗಾಳಿ ಬೇರೆಯ ದಿಕ್ಕಿಗೆ ತಿರುಗಿದ್ದಿತು. 1982ರ ಏಷ್ಯನ್ ಕ್ರೀಡಾಕೂಟದೊಡನೆ ಬಣ್ಣದ ಪ್ರಸಾರವೂ, ಮರುವರ್ಷ ಇನ್ಸಾಟ್-1ಬಿ ಉಪಗ್ರಹವೂ ಬಂದುವು. 1984ರಲ್ಲಿ ಕೆಲವು ತಿಂಗಳುಗಳ ಕಾಲ ದಿನಕ್ಕೊಂದರಂತೆ ಅಲ್ಪಶಕ್ತಿಯ ಪ್ರಸಾರಯಂತ್ರಗಳು ದೇಶದ ಊರೂರಿನಲ್ಲಿ ಎದ್ದುವು. 100 ವ್ಯಾಟ್ ಶಕ್ತಿಯ ಆ ಯಂತ್ರಗಳು ಗಾತ್ರದಲ್ಲಿ ಪೀಜಿಗಿಂತಲೂ ಚಿಕ್ಕವು. ಆದರೆ ಅವುಗಳಿಗೆ ಸ್ಟುಡಿಯೋ ಇರಲಿಲ್ಲ, ಸ್ವಂತ ಮಾತಿರಲಿಲ್ಲ. ದೆಹಲಿ ಕೊಟ್ಟುದನ್ನು ಪುನಃ ಬಿತ್ತರಿಸುವುದಷ್ಟೇ ಅವುಗಳ ಕೆಲಸ. ಪೀಜಿನ ಯಂತ್ರವನ್ನಾದರೂ ಮದ್ರಾಸಿನ ಎರಡನೆಯ ಚಾನೆಲ್ಲಿಗಾಗಿ ಸಾಗಿಸುವ ತೀರ್ಮಾನ 1985ರಲ್ಲಿ ಹೊರಟಿತು. ಹಳ್ಳಿಗರು ಪ್ರತಿಭಟಿಸಿದರು, ಪ್ರಸಾರಯಂತ್ರವೊಂದು ತಮ್ಮೂರಿನಲ್ಲಿಯೇ ಇರಬೇಕೆಂದು ರೈತಾಪಿ ಜನ ಬೀದಿಗಿಳಿದುದು ನಮ್ಮ ಪ್ರಸಾರದ ಚರಿತ್ರೆಯಲ್ಲಿ ವಿರಳ. 1990ರ ಹೊತ್ತಿಗೆ ಖೇಡಾದ ಪ್ರಯೋಗ ಚರಿತ್ರೆಗೆ ಸೇರಿಹೋಗಿದ್ದಿತು.

ಪೀಜ್ ಸೋತಿತೆಂದು ಹೇಳುವುದು ನ್ಯಾಯವಲ್ಲ. ತನ್ನ ಪ್ರೇಕ್ಷಕನ ಊರು, ಉದ್ಯೋಗ, ಕಷ್ಟಗಳನ್ನು ಅರಿತು ಅವನೊಡನೆ ಅವನ ಮಾತಿನಲ್ಲಿಯೇ ಆಡಬಲ್ಲ ಕೇಂದ್ರಕ್ಕೆ 1 ಕಿಲೋವ್ಯಾಟ್ ಶಕ್ತಿ ಧಾರಾಳವಾಗಿ ಸಾಕೆಂಬುದನ್ನು ಅದು ಹತ್ತು ವರ್ಷಗಳ ಕಾಲ ತೋರಿಸಿಕೊಟ್ಟಿತು. ಅದರ ಅಗ್ಗದ ಯಂತ್ರವನ್ನು ಅನುಕರಿಸಿದ ಆಡಳಿತವು ಅದರ ಕಾರ್ಯಕ್ರಮವನ್ನು ಅನುಕರಿಸದೆ ಹೋದುದು ಪೀಜಿನ ದೋಷವಲ್ಲ.